ಆನ್‌ಲೈನ್ ಸುದ್ದಿಗೆ ದುಡ್ಡು ಎಲ್ಲಿಂದ ಬರುತ್ತೆ, ಎಲ್ಲಿ ಸೋರಿಹೋಗುತ್ತೆ?

'ಮೊದಲೆಲ್ಲ ಜನ ದುಡ್ಡು ಕೊಟ್ಟು ಸುದ್ದಿ ಓದ್ತಿದ್ದರು, ಈಗ ಎಲ್ಲರಿಗೂ ಪುಕ್ಕಟೆ ಬೇಕು' ಎಂಬ ದೂರನ್ನು ಪತ್ರಿಕಾ ಕಚೇರಿಗಳಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ನಿಜ ಅಲ್ಲ. ನಮ್ಮಲ್ಲಿ ದಿನಪತ್ರಿಕೆ ಓದುಗರ ದುಡ್ಡಿನಲ್ಲಿ ಬದುಕಿದ್ದು ಬಹಳ ಕಡಿಮೆ. ಬೆಳಿಗ್ಗೆ ಬಾಗಿಲಿಗೆ ಬಂದು ಬೀಳುವ ಪೇಪರಿಗೆ ನಾವು ಕೊಡುವ ಆರೇಳು ರೂಪಾಯಿ ಕಾಗದ, ಶಾಯಿ, ಅಚ್ಚು, ರಾತ್ರಿಯ ಸಾಗಾಟ, ಏಜೆಂಟರ ಕಮಿಷನ್ ಇವಕ್ಕೇ ಸಾಲುವುದಿಲ್ಲ. ತಿಂಗಳ ಕೊನೆಗೆ ರದ್ದಿಯವನಿಗೆ ಹಾಕಿದರೆ ಅದರಲ್ಲೂ ಒಂದು ಪಾಲು ವಾಪಸ್ ಬರುತ್ತದೆ! ವರದಿಗಾರರ ಸಂಬಳ ಬರುತ್ತಿದ್ದದ್ದು ಬೇರೆ ಕಡೆಯಿಂದ.

ಎಲ್ಲಿಂದ ಅಂತ ನೋಡಬೇಕಾದರೆ ಯಾವುದಾದರೂ ಜಿಲ್ಲಾ ಆವೃತ್ತಿಯನ್ನು ತಿರುವಿಹಾಕಿ. ಟೆಂಡರ್ ಪ್ರಕಟಣೆ, ಬ್ಯಾಂಕಿನ ಹರಾಜು ನೋಟಿಸ್, ವಧು-ವರರ ಅಂಕಣ, ನಿವೇಶನ ಮಾರಾಟ, ಬಟ್ಟೆ ಅಂಗಡಿಯ ಆಷಾಢ ರಿಯಾಯಿತಿ, ಶ್ರದ್ಧಾಂಜಲಿ, ಶಾಸಕರ ಹುಟ್ಟುಹಬ್ಬಕ್ಕೆ ಅಭಿಮಾನಿ ಬಳಗದ ಅರ್ಧ ಪುಟ. ತಾಲ್ಲೂಕು ವರದಿಗಾರನಿಗೆ ಸಂಬಳಕ್ಕಿಂತ ವಿಶೇಷಾಂಕಕ್ಕೆ ತಂದ ಜಾಹೀರಾತಿನ ಕಮಿಷನ್ನೇ ದೊಡ್ಡದು ಎಂಬುದು ಈ ಉದ್ಯಮದಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಬರೆಯದ ಸಂಗತಿ. ಅಂದರೆ ಪತ್ರಿಕೆ ಮಾರುತ್ತಿದ್ದದ್ದು ಸುದ್ದಿಯನ್ನಲ್ಲ. ಸುದ್ದಿ ಓದಲು ಬಂದ ನಮ್ಮನ್ನು. ಆ ಜಿಲ್ಲೆಯ ಜನರನ್ನು ಒಟ್ಟಿಗೆ ತಲುಪಲು ಬೇರೆ ದಾರಿಯೇ ಇರಲಿಲ್ಲ, ಅದಕ್ಕೇ ಜಾಹೀರಾತುದಾರ ಕೇಳಿದಷ್ಟು ಕೊಡುತ್ತಿದ್ದ.

ಇಂಟರ್ನೆಟ್ ಮುರಿದದ್ದು ಈ 'ಬೇರೆ ದಾರಿ ಇಲ್ಲ' ಎಂಬುದನ್ನು. ಮದುವೆ ಜಾಹೀರಾತು ಮ್ಯಾಟ್ರಿಮನಿ ಸೈಟುಗಳಿಗೆ ಹೋಯಿತು, ಕೆಲಸದ್ದು ನೌಕ್ರಿಗೆ, ಹಳೇ ಬೈಕಿನದ್ದು ಓಎಲ್‌ಎಕ್ಸ್‌ಗೆ. ಅಮೆರಿಕದಲ್ಲಿ ಇದೇ ಕೆಲಸವನ್ನು ಕ್ರೇಗ್ಸ್‌ಲಿಸ್ಟ್ ಎಂಬ ಅತಿ ಸಾದಾ ಜಾಲತಾಣ ಮಾಡಿತು. ಪ್ಯೂ ರಿಸರ್ಚ್ ಸೆಂಟರ್‌ನ ಅಂದಾಜಿನಂತೆ ಅಲ್ಲಿನ ಪತ್ರಿಕೆಗಳ ಜಾಹೀರಾತು ಆದಾಯ 2005ರಲ್ಲಿ ಸುಮಾರು 4,900 ಕೋಟಿ ಡಾಲರ್ ಇತ್ತು. 2020ರಲ್ಲಿ ಅದು 1,000 ಕೋಟಿಗಿಂತ ಕೆಳಗೆ ಬಂತು. 2005ರಿಂದ ಈಚೆಗೆ ಅಲ್ಲಿ ಮೂರು ಸಾವಿರಕ್ಕೂ ಹೆಚ್ಚು ಪತ್ರಿಕೆಗಳು ಮುಚ್ಚಿವೆ, ಬಹುಪಾಲು ಸಣ್ಣ ಊರಿನವು. ನಮ್ಮಲ್ಲಿ ಕುಸಿತ ಇಷ್ಟು ಬೇಗ ಆಗಲಿಲ್ಲ. ಸರ್ಕಾರಿ ಜಾಹೀರಾತು ಮತ್ತು ಅಗ್ಗದ ಮನೆ ಬಾಗಿಲ ವಿತರಣೆ ಅಚ್ಚನ್ನು ಎತ್ತಿ ಹಿಡಿದಿವೆ. ಆದರೆ ಇವತ್ತು ಇಪ್ಪತ್ತೈದು ವರ್ಷದ ಹುಡುಗನೋ ಹುಡುಗಿಯೋ ಹೊಸದಾಗಿ ಪೇಪರ್ ಹಾಕಿಸಿಕೊಂಡದ್ದನ್ನು ನೀವು ಕೊನೇ ಸಲ ನೋಡಿದ್ದು ಯಾವಾಗ?

ಸಾವಿರ ನೋಟಕ್ಕೆ ಎಷ್ಟು?

ಸರಿ, ಜಾಹೀರಾತು ಆನ್‌ಲೈನಿಗೆ ಹೋಯಿತು ಅಂದಮೇಲೆ ಪತ್ರಿಕೆಯೂ ಆನ್‌ಲೈನಿಗೆ ಹೋದರೆ ಮುಗೀತಲ್ಲ? ಹಾಗಂತಲೇ ಎಲ್ಲರೂ ನಂಬಿದ್ದರು. ಇಲ್ಲಿ ಯಂತ್ರ ಹೇಗೆ ಓಡುತ್ತದೆ ಅಂತ ಸ್ವಲ್ಪ ನಿಧಾನವಾಗಿ ನೋಡಬೇಕು.

ನೀವೊಂದು ಸುದ್ದಿ ಪುಟ ತೆರೆಯುತ್ತೀರಿ. ಪುಟ ಪೂರ್ತಿ ಮೂಡುವ ಮೊದಲೇ, ಒಂದು ಸೆಕೆಂಡಿನೊಳಗೆ, ಆ ಪುಟದ ಖಾಲಿ ಜಾಗ ಹರಾಜಿಗೆ ಹೋಗಿರುತ್ತದೆ. ಯಾವ ಊರಿನವರು, ಯಾವ ಫೋನ್, ಏನು ಹುಡುಕಿದ್ದರು ಎಂಬುದರ ಮೇಲೆ ಬೆಲೆ ಕಟ್ಟುತ್ತಾರೆ. ಗೆದ್ದವನ ಜಾಹೀರಾತು ನಿಮ್ಮ ಮುಂದೆ. ಹರಾಜು ಕೂಗುವ ಕಟ್ಟೆ, ಮಾರುವವನ ಏಜೆಂಟ್, ಕೊಳ್ಳುವವನ ಏಜೆಂಟ್ ಈ ಮೂರೂ ಪಾತ್ರ ಬಹುಪಾಲು ಗೂಗಲ್‌ನದೇ. ನಮ್ಮ ಎಪಿಎಂಸಿಯಲ್ಲಿ ರೈತನ ದಲ್ಲಾಳಿ, ವ್ಯಾಪಾರಿಯ ದಲ್ಲಾಳಿ, ಮಾರುಕಟ್ಟೆಯ ಕಾರ್ಯದರ್ಶಿ ಮೂವರೂ ಒಬ್ಬನೇ ಆದರೆ ಹೇಗಿರುತ್ತದೋ ಹಾಗೆ. ಬ್ರಿಟನ್ನಿನ ಜಾಹೀರಾತುದಾರರ ಸಂಘ 2020ರಲ್ಲಿ ಮಾಡಿಸಿದ ಅಧ್ಯಯನದಲ್ಲಿ ಜಾಹೀರಾತುದಾರ ಕೊಟ್ಟ ನೂರು ರೂಪಾಯಲ್ಲಿ ಪ್ರಕಾಶಕರಿಗೆ ತಲುಪಿದ್ದು ಸುಮಾರು 51 ಮಾತ್ರ. ಅದಕ್ಕಿಂತ ತಮಾಷೆ ಅಂದರೆ ಸುಮಾರು 15 ರೂಪಾಯಿ ಎಲ್ಲಿ ಹೋಯಿತು ಅಂತ ಲೆಕ್ಕ ಪರಿಶೋಧಕರಿಗೇ ಸಿಗಲಿಲ್ಲ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯಾಯಾಲಯವೊಂದು ಈ ವ್ಯವಸ್ಥೆಯ ಎರಡು ಭಾಗಗಳಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ನಡೆಸಿದೆ ಎಂದು ತೀರ್ಪು ಕೊಟ್ಟಿತು. ನಮ್ಮಲ್ಲೂ ಡಿಜಿಟಲ್ ಸುದ್ದಿ ಪ್ರಕಾಶಕರ ಸಂಘದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2022ರ ಜನವರಿಯಲ್ಲಿ ಗೂಗಲ್ ವಿರುದ್ಧ ತನಿಖೆಗೆ ಆದೇಶಿಸಿತ್ತು.

ಇದರಲ್ಲಿ ಕನ್ನಡದ ಪಾಲು ಇನ್ನೂ ತೆಳು. ಗೂಗಲ್‌ನ ಆಡ್‌ಸೆನ್ಸ್ ಹಿಂದಿಯನ್ನು ಸೇರಿಸಿಕೊಂಡಿದ್ದೇ 2014ರ ಕೊನೆಯಲ್ಲಿ. ಕನ್ನಡಕ್ಕೆ ಆ ಭಾಗ್ಯ ಬಂದದ್ದು ಅದಾದ ಎಷ್ಟೋ ವರ್ಷಕ್ಕೆ. ಕನ್ನಡ ಓದುವವನಿಗೆ ಕೊಳ್ಳುವ ಶಕ್ತಿ ಕಡಿಮೆ ಎಂಬ ಊಹೆಯ ಮೇಲೆ ಬೆಲೆಯೂ ಕಡಿಮೆ. ಇಂದಿರಾನಗರದಲ್ಲಿ ಕೂತು ಇಂಗ್ಲಿಷಿನಲ್ಲಿ ಓದಿದರೆ ಒಂದು ಬೆಲೆ, ಅದೇ ಮನುಷ್ಯ ಅದೇ ಸೋಫಾದಲ್ಲಿ ಕನ್ನಡದಲ್ಲಿ ಓದಿದರೆ ಇನ್ನೊಂದು!

ಒಂದು ಲೆಕ್ಕ ಹಾಕೋಣ. ಐದಾರು ಪತ್ರಕರ್ತರ ಸಣ್ಣ ಕನ್ನಡ ಜಾಲತಾಣ, ತಿಂಗಳ ಖರ್ಚು 5 ಲಕ್ಷ ಅಂತಿಟ್ಟುಕೊಳ್ಳಿ. ಸಾವಿರ ಜಾಹೀರಾತು ನೋಟಕ್ಕೆ 40 ರೂಪಾಯಿ ಸಿಕ್ಕಿತು ಅಂತಲೂ ಇಟ್ಟುಕೊಳ್ಳಿ. ಆಗ ತಿಂಗಳಿಗೆ 1.25 ಕೋಟಿ ನೋಟ ಬೇಕು. ಪುಟಕ್ಕೆ ಮೂರು ಜಾಹೀರಾತು ತುರುಕಿದರೂ ಸುಮಾರು 42 ಲಕ್ಷ ಪುಟ ತೆರೆಯಬೇಕು. ದಿನಕ್ಕೆ 1.4 ಲಕ್ಷ. ಕುಡಿಯುವ ನೀರಿನ ಟೆಂಡರ್ ಹಗರಣದ ತನಿಖಾ ವರದಿ ಇಷ್ಟು ಜನರನ್ನು ದಿನಾ ಕರೆತರುವುದಿಲ್ಲ. ಯಾವುದು ಕರೆತರುತ್ತದೆ ಅಂತ ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಪೋರ್ಟಲ್‌ನಲ್ಲಿ ಗೋಡೆಯ ಮೇಲಿನ ಪರದೆ ಪ್ರತಿ ನಿಮಿಷವೂ ಹೇಳುತ್ತಿತ್ತು: ರಾಶಿ ಭವಿಷ್ಯ, ಚಿನ್ನದ ಬೆಲೆ, ನಟಿಯ ಮದುವೆ, ಬಿಗ್‌ಬಾಸ್. ಹುಡುಗರು ದಿನಕ್ಕೆ ಹದಿನೈದು, ಇಪ್ಪತ್ತು 'ಸ್ಟೋರಿ' ಮಾಡಬೇಕಿತ್ತು. ಕುರ್ಚಿಯಿಂದ ಎದ್ದು ಹೊರಗೆ ಹೋಗಿ ತಂದ ಸುದ್ದಿ ಅದರಲ್ಲಿ ಒಂದೂ ಇರುತ್ತಿರಲಿಲ್ಲ. ಇದನ್ನು ಪತ್ರಕರ್ತರ ನೈತಿಕ ಅಧಃಪತನ ಅಂತ ಬೈಯುವವರು ಆ 40 ರೂಪಾಯಿಯನ್ನೂ ನೋಡಬೇಕು. ಸಾವಿರಕ್ಕೆ ಇಷ್ಟು ಅಂತ ದುಡ್ಡು ಬರುವ ಕಡೆ ಸಾವಿರಗಳನ್ನು ತರುವುದೇ ಸುದ್ದಿ ಆಗುತ್ತದೆ.

ಯೂಟ್ಯೂಬ್ ಕಥೆ ಸ್ವಲ್ಪ ಬೇರೆ. ಸಾವಿರ ಚಂದಾದಾರರು, ವರ್ಷದಲ್ಲಿ ನಾಲ್ಕು ಸಾವಿರ ಗಂಟೆ ವೀಕ್ಷಣೆ ಆದರೆ ಉದ್ದದ ವಿಡಿಯೋಗಳ ಜಾಹೀರಾತು ಆದಾಯದಲ್ಲಿ ಶೇ. 55 ಪಾಲು ಕೊಡುತ್ತದೆ. ಚಾನೆಲ್ ಬಿಟ್ಟು ಬಂದ ಎಷ್ಟೋ ಕನ್ನಡ ಪತ್ರಕರ್ತರ ಮನೆ ಈಗ ನಡೆಯುತ್ತಿರುವುದು ಇದರಿಂದ. ಆದರೆ ಅದು ಒಬ್ಬ ಮಾತುಗಾರನಿಗೆ ಸಾಲುವ ದುಡ್ಡು. ರಾಯಚೂರಿಗೊಬ್ಬ, ಚಾಮರಾಜನಗರಕ್ಕೊಬ್ಬ ವರದಿಗಾರನನ್ನು ಇಡುವಷ್ಟಲ್ಲ. ಹಾಗಾಗಿ ಅಲ್ಲಿ ಸುದ್ದಿಯ ಮೇಲಿನ ಮಾತು ಬೆಳೆಯುತ್ತದೆ, ಸುದ್ದಿ ಬೆಳೆಯುವುದಿಲ್ಲ.

ಸರ್ಕಾರದ ಜಾಹೀರಾತನ್ನು ಬೇರೆಯಾಗಿಯೇ ಹೇಳಬೇಕು. ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಡಿಜಿಟಲ್ ಜಾಹೀರಾತು ನೀತಿ ತಂದಿತು. ಕರ್ನಾಟಕ ಸರ್ಕಾರ 2024ರ ಆಗಸ್ಟ್‌ನಲ್ಲಿ ತನ್ನದೇ ಮಾರ್ಗಸೂಚಿ ಹೊರಡಿಸಿತು. ಎರಡರಲ್ಲೂ ಓದುಗರ ಸಂಖ್ಯೆ ದೊಡ್ಡ ಅಳತೆಗೋಲು. ಕನ್ನಡದ ಡಿಜಿಟಲ್ ತಾಣಗಳಿಗೆ ಇದು ನಿಜಕ್ಕೂ ದೊಡ್ಡ ದುಡ್ಡು, ಬೇಡ ಅನ್ನುವುದು ಸುಲಭವಲ್ಲ. ಆದರೆ ಕೊಡುವ ಕೈ ನಿಲ್ಲಿಸಲೂ ಬಲ್ಲದು. ಟೀಕೆ ಮಾಡಿದ ಮೂರು ದೊಡ್ಡ ಇಂಗ್ಲಿಷ್ ಪತ್ರಿಕಾ ಸಮೂಹಗಳಿಗೆ ಕೇಂದ್ರ ಸರ್ಕಾರ ಜಾಹೀರಾತು ನಿಲ್ಲಿಸಿದೆ ಎಂದು 2019ರಲ್ಲಿ ರಾಯಿಟರ್ಸ್ ವರದಿ ಮಾಡಿತ್ತು. ಬೆಂಗಳೂರಿನಲ್ಲಿ ಯಾವ ಪಕ್ಷದ ಸರ್ಕಾರ ಇದ್ದರೂ ಈ ನಲ್ಲಿಯ ತಿರುಗಣೆ ವಾರ್ತಾ ಇಲಾಖೆಯ ಹತ್ತಿರವೇ ಇರುತ್ತದೆ.

ಗೋಡೆ ಕಟ್ಟಿದವರು

ಜಾಹೀರಾತಿನ ದಾರಿ ಮುಚ್ಚಿತು ಅಂದಮೇಲೆ ಉಳಿದದ್ದು ಓದುಗರನ್ನೇ ಕೇಳುವುದು. ಇದರಲ್ಲಿ ಎಲ್ಲರೂ ಹೇಳುವ ಹೆಸರು ನ್ಯೂಯಾರ್ಕ್ ಟೈಮ್ಸ್. ಅದು ಮೊದಲು ಸೋತದ್ದನ್ನು ಮಾತ್ರ ಯಾರೂ ಹೇಳುವುದಿಲ್ಲ. 2005ರಲ್ಲಿ ತನ್ನ ಅಂಕಣಕಾರರನ್ನು ಮಾತ್ರ ಗೋಡೆಯೊಳಗೆ ಇಟ್ಟು ವರ್ಷಕ್ಕೆ ಸುಮಾರು 50 ಡಾಲರ್ ಕೇಳಿತು. ಎರಡೂಕಾಲು ಲಕ್ಷ ಜನ ಕೊಟ್ಟರು ಕೂಡ. ಆದರೂ ಎರಡೇ ವರ್ಷಕ್ಕೆ ಗೋಡೆ ಕೆಡವಿತು, ಯಾಕಂದ್ರೆ ಗೂಗಲ್‌ನಿಂದ ಬರುವ ಓದುಗರ ಮೇಲಿನ ಜಾಹೀರಾತು ಇನ್ನೂ ಹೆಚ್ಚು ತರುತ್ತದೆ ಎಂಬ ನಂಬಿಕೆ ಆಗ ಗಟ್ಟಿ ಇತ್ತು. 2008ರ ಆರ್ಥಿಕ ಕುಸಿತ ಆ ನಂಬಿಕೆಯನ್ನು ಮುರಿಯಿತು.

2011ರ ಮಾರ್ಚ್‌ನಲ್ಲಿ ಮತ್ತೆ ಕಟ್ಟಿದ ಗೋಡೆಯಲ್ಲಿ ಒಂದು ಜಾಣತನ ಇತ್ತು. ತಿಂಗಳಿಗೆ 20 ಲೇಖನ ಪುಕ್ಕಟೆ, ಆಮೇಲೆ ದುಡ್ಡು. ದಾರಿಹೋಕನಿಗೆ ತೊಂದರೆಯಿಲ್ಲ, ದಿನಾ ಬರುವವನು ಮಾತ್ರ ಕೊಡಬೇಕು. ಮರುವರ್ಷ ಇಪ್ಪತ್ತನ್ನು ಹತ್ತಕ್ಕೆ ಇಳಿಸಿದರು. 2012ರಲ್ಲಿ ಮೊದಲ ಬಾರಿಗೆ ಓದುಗರಿಂದ ಬಂದ ದುಡ್ಡು ಜಾಹೀರಾತಿನ ದುಡ್ಡನ್ನು ಮೀರಿತು. 2024ರ ಕೊನೆಗೆ ಚಂದಾದಾರರು 1.1 ಕೋಟಿ ದಾಟಿದ್ದರು.

ಅವರೆಲ್ಲ ಏನಕ್ಕೆ ದುಡ್ಡು ಕೊಡುತ್ತಿದ್ದಾರೆ ನೋಡಿ. ಯುದ್ಧದ ವರದಿಗೆ ಮಾತ್ರ ಅಲ್ಲ. ಅಡುಗೆ ಆ್ಯಪ್, ಆಟಗಳು, ಯಾವ ಮಿಕ್ಸಿ ಕೊಳ್ಳಬೇಕು ಅಂತ ಹೇಳುವ ವೈರ್‌ಕಟರ್, 2022ರಲ್ಲಿ 55 ಕೋಟಿ ಡಾಲರ್ ಕೊಟ್ಟು ಕೊಂಡ ಕ್ರೀಡಾ ತಾಣ 'ದಿ ಅಥ್ಲೆಟಿಕ್', ಅದೇ ತಿಂಗಳು ಕೊಂಡ ವರ್ಡಲ್. 1942ರಿಂದ ಪದಬಂಧ ಹಾಕುತ್ತಿರುವ ಪತ್ರಿಕೆಗೆ ಪದಬಂಧ ಮಾರಬಹುದು ಅಂತ ಹೊಳೆಯಲು ಇಷ್ಟು ವರ್ಷ ಬೇಕಾಯಿತು. ನನಗೆ ಇದು ಹಳೇ ಪತ್ರಿಕೆಯದೇ ಲೆಕ್ಕ ಅನ್ನಿಸುತ್ತದೆ: ಮನೆಯಲ್ಲಿ ಒಬ್ಬರಿಗೆ ಸಂಪಾದಕೀಯ, ಒಬ್ಬರಿಗೆ ಕ್ರಿಕೆಟ್ ಸ್ಕೋರು, ಒಬ್ಬರಿಗೆ ಪದಬಂಧ, ಎಲ್ಲಕ್ಕೂ ಸೇರಿ ಒಂದೇ ಬಿಲ್ಲು. ಇಂಟರ್ನೆಟ್ ಬಿಚ್ಚಿದ ಕಟ್ಟನ್ನು ಅವರು ಮತ್ತೆ ಕಟ್ಟಿದರು. ಆದರೆ ಜಗತ್ತಿನ ಇಂಗ್ಲಿಷ್ ಓದುಗರೆಲ್ಲ ಅವರ ಗಿರಾಕಿ. ಅದೇ ಅಮೆರಿಕದ ಸಣ್ಣ ಊರಿನ ಪತ್ರಿಕೆ ಈ ಉಪಾಯದಿಂದ ಉಳಿಯಲಿಲ್ಲ. ರಾಯಿಟರ್ಸ್ ಇನ್‌ಸ್ಟಿಟ್ಯೂಟ್‌ನ 2024ರ ವರದಿಯಂತೆ ಇಪ್ಪತ್ತು ಶ್ರೀಮಂತ ದೇಶಗಳಲ್ಲಿ ಆನ್‌ಲೈನ್ ಸುದ್ದಿಗೆ ದುಡ್ಡು ಕೊಡುವವರು ಸರಾಸರಿ ಶೇ. 17. ನಾರ್ವೆಯಲ್ಲಿ ಮಾತ್ರ ಶೇ. 40. ಗೆದ್ದವರು ಬಹುಪಾಲು ಗೆದ್ದುಕೊಳ್ಳುವ ಆಟ ಇದು.

ನಮಗೆ ಹೆಚ್ಚು ಹತ್ತಿರದ ಉದಾಹರಣೆ ಫ್ರಾನ್ಸಿನ ಮೀಡಿಯಾಪಾರ್ಟ್ ಅಂತ ನನ್ನ ಅಭಿಪ್ರಾಯ. 'ಲ ಮಾಂಡ್' ಬಿಟ್ಟುಬಂದ ಎಡ್ವಿ ಪ್ಲೆನೆಲ್ ಮತ್ತು ಗೆಳೆಯರು 2008ರ ಮಾರ್ಚ್‌ನಲ್ಲಿ ಶುರು ಮಾಡಿದ್ದು. ಒಂದೇ ಒಂದು ಜಾಹೀರಾತಿಲ್ಲ, ತಿಂಗಳಿಗೆ 9 ಯೂರೊ ಚಂದಾ. ಪುಕ್ಕಟೆ ಸಿಗುವ ಕಾಲದಲ್ಲಿ ಯಾರು ಕೊಡುತ್ತಾರೆ ಅಂತ ನಕ್ಕರು. 2010ರಲ್ಲಿ ಲೋರಿಯಾಲ್ ಕಂಪನಿಯ ವಾರಸುದಾರೆ ಬೆಟಾನ್‌ಕೂರ್ ಮನೆಯ ರಹಸ್ಯ ಧ್ವನಿಮುದ್ರಣ ಹೊರಹಾಕಿದರು, ಅದರಲ್ಲಿ ಮಂತ್ರಿಯೊಬ್ಬರ ಹೆಸರೂ ಬಂತು. ಚಂದಾದಾರರು ಸಾಲುಗಟ್ಟಿದರು, ಮರುವರ್ಷ ಲಾಭಕ್ಕೆ ಬಂತು. 2012ರ ಕೊನೆಯಲ್ಲಿ ಬಜೆಟ್ ಮಂತ್ರಿ ಜೆರೋಮ್ ಕಾಹ್ಯೂಜಾಕ್‌ಗೆ ವಿದೇಶದಲ್ಲಿ ಗುಪ್ತ ಬ್ಯಾಂಕ್ ಖಾತೆ ಇದೆ ಎಂದು ಬರೆದರು. ತೆರಿಗೆ ಕಳ್ಳರನ್ನು ಹಿಡಿಯಬೇಕಾದ ಮಂತ್ರಿ ಮುಂದಿನ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟ. ಈಗ ಚಂದಾದಾರರು ಎರಡು ಲಕ್ಷಕ್ಕೂ ಮೇಲೆ. ಪ್ರತಿ ವರ್ಷ ಲೆಕ್ಕಪತ್ರವನ್ನು ಓದುಗರ ಮುಂದೆ ಇಡುತ್ತಾರೆ. ಬೇರೆಲ್ಲೂ ಸಿಗದ್ದನ್ನು ಕೊಟ್ಟರೆ ಮಾತ್ರ ದುಡ್ಡು ಎಂಬುದು ಅವರ ಇಡೀ ವ್ಯಾಪಾರ.

ಇದರಲ್ಲಿ ತೆರಿಗೆಯ ಉಪಕಥೆಯೊಂದಿದೆ, ಅದು ನಮ್ಮದೂ ಹೌದು. ಫ್ರಾನ್ಸಿನಲ್ಲಿ ಅಚ್ಚಿನ ಪತ್ರಿಕೆಗೆ ಶೇ. 2.1 ತೆರಿಗೆ, ಆನ್‌ಲೈನ್ ಪತ್ರಿಕೆಗೆ ಶೇ. 19.6. ಪತ್ರಿಕೆ ಅಂದರೆ ಪತ್ರಿಕೆ, ಕಾಗದದ ಮೇಲಿದ್ದರೇನು ಪರದೆಯ ಮೇಲಿದ್ದರೇನು ಅಂತ ಮೀಡಿಯಾಪಾರ್ಟ್ ತಾನೂ 2.1ನ್ನೇ ಕಟ್ಟತೊಡಗಿತು. 2014ರ ಫೆಬ್ರುವರಿಯಲ್ಲಿ ಸಂಸತ್ತು ಅದನ್ನೇ ಕಾನೂನು ಮಾಡಿತು. ಹಾಗಂತ ಹಿಂದಿನ ಬಾಕಿಯನ್ನು ಬಿಡಲಿಲ್ಲ, ದಂಡ ಸಮೇತ ಕಟ್ಟಿಸಿಕೊಂಡರು. ನಮ್ಮಲ್ಲಿ ಅಚ್ಚಾದ ದಿನಪತ್ರಿಕೆಗೆ ಜಿಎಸ್‌ಟಿ ಸೊನ್ನೆ. ಡಿಜಿಟಲ್ ಸುದ್ದಿಯ ಚಂದಾಕ್ಕೆ ಶೇ. 18. ಇದನ್ನು ಇಳಿಸಿ ಅಂತ 2020ರಲ್ಲಿ ಹುಟ್ಟಿದ ಡಿಜಿಪಬ್ ಒಕ್ಕೂಟ ಕೇಳುತ್ತಲೇ ಇದೆ.

ಮೇಲಿನ 5 ಲಕ್ಷದ ಲೆಕ್ಕಕ್ಕೆ ವಾಪಸ್ ಬನ್ನಿ. ತಿಂಗಳಿಗೆ 100 ರೂಪಾಯಿ ಚಂದಾ ಇಟ್ಟರೆ ಜಿಎಸ್‌ಟಿ ಕಳೆದು 84.75 ಉಳಿಯುತ್ತದೆ. ಪಾವತಿ ಕಂಪನಿಗೆ ಎರಡು ರೂಪಾಯಿ ಹೋದರೆ 82-83. ಅಂದರೆ ಸುಮಾರು 6,000 ಚಂದಾದಾರರು ಬೇಕು. ತೆರಿಗೆ ಇಲ್ಲದಿದ್ದರೆ 5,100 ಸಾಕಿತ್ತು. ಹೆಚ್ಚುಕಡಿಮೆ 950 ಓದುಗರನ್ನು ತೆರಿಗೆಗೆಂದೇ ಹುಡುಕಬೇಕು. ತಿಂಗಳಿಗೆ ನೂರಕ್ಕೆ ನಾಲ್ಕು ಜನ ಬಿಟ್ಟುಹೋದರೂ ಪ್ರತಿ ತಿಂಗಳು 240 ಹೊಸಬರು ಬಂದರೆ ಮಾತ್ರ ಇದ್ದಲ್ಲೇ ಇರಬಹುದು. ಇದರ ಮೇಲೆ 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂತು. ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಕಡಿತವಾಗುತ್ತಿದ್ದ ಚಂದಾಗಳಿಗೆ ಹೊಸದಾಗಿ ಒಪ್ಪಿಗೆ ಬೇಕಾಯಿತು, ಎಷ್ಟೋ ಚಂದಾ ಅಲ್ಲೇ ನಿಂತವು. ಓದುಗನಿಗೆ ಕೋಪ ಇರಲಿಲ್ಲ, ಒಟಿಪಿ ಹಾಕುವ ವ್ಯವಧಾನ ಇರಲಿಲ್ಲ ಅಷ್ಟೆ. ಈಗ ಯುಪಿಐ ಆಟೋಪೇ ಬಂದು ಸ್ವಲ್ಪ ಸುಧಾರಿಸಿದೆ.

ಯುಪಿಐ ಅಂದ ಕೂಡಲೇ ಯುವ ಗೆಳೆಯರು ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ: ಒಂದು ಲೇಖನಕ್ಕೆ ಒಂದು ರೂಪಾಯಿ ಅಂತ ಯಾಕೆ ಮಾಡಬಾರದು? ನೆದರ್‌ಲೆಂಡ್ಸ್‌ನಲ್ಲಿ ಬ್ಲೆಂಡಲ್ ಎಂಬ ಕಂಪನಿ 2014ರಿಂದ ಇದನ್ನೇ ಮಾಡಿತು, ದೊಡ್ಡ ದೊಡ್ಡ ಪತ್ರಿಕೆಗಳು ಜೊತೆಗಿದ್ದವು. 2019ರಲ್ಲಿ ಬಿಡಿ ಮಾರಾಟ ನಿಲ್ಲಿಸಿ ಮಾಸಿಕ ಚಂದಾಕ್ಕೆ ಹೋಯಿತು. ಪ್ರತಿ ಲೇಖನದ ಮುಂದೆ 'ಇದು ಒಂದು ರೂಪಾಯಿಗೆ ಯೋಗ್ಯವಾ?' ಅಂತ ತೀರ್ಮಾನಿಸುವುದೇ ಮನುಷ್ಯನಿಗೆ ಆಯಾಸ. ಬಿಡಿ ಮಾರಿದರೆ ಮುಂದಿನ ತಿಂಗಳ ಸಂಬಳಕ್ಕೆ ಎಷ್ಟು ಬರುತ್ತದೆ ಅಂತಲೂ ಗೊತ್ತಾಗುವುದಿಲ್ಲ.

ಗೋಡೆ ಬೇಡ, ಹುಂಡಿ ಇಡಿ

ಗೋಡೆ ಕಟ್ಟಿದರೆ ಸತ್ಯಕ್ಕೆ ದುಡ್ಡು, ಸುಳ್ಳು ಮಾತ್ರ ವಾಟ್ಸಾಪಿನಲ್ಲಿ ಪುಕ್ಕಟೆ ಎಂಬ ವಾದ ನಿಮಗೆ ಗೊತ್ತು. ತೂಕದ ವಾದವೇ. ಬ್ರಿಟನ್ನಿನ ಗಾರ್ಡಿಯನ್ ಅದಕ್ಕೇ ಗೋಡೆ ಕಟ್ಟಲಿಲ್ಲ. ಪ್ರತಿ ಲೇಖನದ ಕೆಳಗೆ ಕೈಚಾಚಿ ಕೇಳುತ್ತದೆ. ಹತ್ತು ಲಕ್ಷಕ್ಕೂ ಹೆಚ್ಚು ಜನ ಕೊಡುತ್ತಾರೆ, 2019ರಲ್ಲಿ ವರ್ಷಗಟ್ಟಲೆಯ ನಷ್ಟ ನಿಂತಿತು. ಆದರೆ ಅದರ ಬೆನ್ನಿಗೆ 1936ರಿಂದ ಸ್ಕಾಟ್ ಟ್ರಸ್ಟ್ ಇದೆ, ನೂರು ಕೋಟಿ ಪೌಂಡ್‌ಗೂ ಹೆಚ್ಚಿನ ನಿಧಿ ಇದೆ ಎಂಬುದನ್ನು ಮರೆತು ಅನುಕರಿಸಿದರೆ ಕಷ್ಟ.

ನಮ್ಮಲ್ಲಿ 2012ರಲ್ಲಿ ಬಂದ ನ್ಯೂಸ್‌ಲಾಂಡ್ರಿ ಜಾಹೀರಾತಿಲ್ಲದೆ ಓದುಗರ ಚಂದಾದ ಮೇಲೆ ನಿಂತಿದೆ. ಅದರ 'ಸೇನಾ' ಯೋಜನೆ ನನಗೆ ಇಷ್ಟ: ಇಂಥ ತನಿಖೆ ಮಾಡುತ್ತೇವೆ, ಇಷ್ಟು ಬೇಕು ಅಂತ ಮೊದಲೇ ಹೇಳಿ ಎತ್ತುವುದು. ಬೆಂಗಳೂರಿನ ದಿ ನ್ಯೂಸ್ ಮಿನಿಟ್ ಜೊತೆ ಸೇರಿ ಜಂಟಿ ಚಂದಾ ಕೂಡ ಮಾರುತ್ತದೆ. ದಿ ವೈರ್ ಲಾಭರಹಿತ ಸಂಸ್ಥೆಯಾಗಿ ದೇಣಿಗೆ ಪಡೆಯುತ್ತದೆ. ಬೆಂಗಳೂರಿನಲ್ಲೇ 2015ರಲ್ಲಿ ಹುಟ್ಟಿದ ಐಪಿಎಸ್‌ಎಂಎಫ್ ಎಂಬ ಪ್ರತಿಷ್ಠಾನ ಅಜೀಂ ಪ್ರೇಮ್‌ಜಿಯಂಥವರ ದೇಣಿಗೆಯನ್ನು ಇಂಥ ತಾಣಗಳಿಗೆ ಹಂಚುತ್ತಾ ಬಂತು. 2022ರ ಸೆಪ್ಟೆಂಬರ್‌ನಲ್ಲಿ ಆದಾಯ ತೆರಿಗೆ ಇಲಾಖೆ ಅದರ ಕಚೇರಿಯಲ್ಲಿ 'ಸಮೀಕ್ಷೆ' ನಡೆಸಿತು. 2025ರ ಜನವರಿಯಲ್ಲಿ ರಿಪೋರ್ಟರ್ಸ್ ಕಲೆಕ್ಟಿವ್ ತನ್ನ ಲಾಭರಹಿತ ಸ್ಥಾನಮಾನ ರದ್ದಾಗಿದೆ ಎಂದು ಹೇಳಿತು. ಅದಕ್ಕೆ ಸ್ವಲ್ಪ ಮುಂಚೆ ಅದೇ ಪೆಟ್ಟು ಬಿದ್ದದ್ದು ಕನ್ನಡದ 'ದಿ ಫೈಲ್'ಗೆ.

ದಿ ಫೈಲ್ ಓದುವವರಿಗೆ ಗೊತ್ತು, ಅದರ ಬಂಡವಾಳ ವಿಧಾನಸೌಧದ ಕಡತಗಳು. ಕರ್ನಾಟಕದಲ್ಲಿ ಮಾಹಿತಿ ಹಕ್ಕು ಅರ್ಜಿಗೆ ಹತ್ತು ರೂಪಾಯಿ, ಪುಟಕ್ಕೆ ಎರಡು ರೂಪಾಯಿ. ಕಾಗದ ಅಗ್ಗ. ಅರ್ಜಿ ಹಾಕಿ, ಮೇಲ್ಮನವಿ ಹಾಕಿ, ಬಂದ ಕಡತದ ಟಿಪ್ಪಣಿ ಹಾಳೆಗಳನ್ನು ಓದಿ ಅರ್ಥಮಾಡಿಕೊಳ್ಳುವ ಮನುಷ್ಯನ ಮೂರು ತಿಂಗಳು ದುಬಾರಿ. ಲಾಭರಹಿತ ಸ್ಥಾನ ಹೋದರೆ ಬಂದ ದೇಣಿಗೆಗೂ ತೆರಿಗೆ ಬೀಳಬಹುದು, ದೊಡ್ಡ ದಾನಿ ಹಿಂದೆ ಸರಿಯುತ್ತಾನೆ. ಪತ್ರಿಕೋದ್ಯಮದಲ್ಲಿ ಸಾರ್ವಜನಿಕ ಹಿತ ಇದೆಯೋ ಇಲ್ಲವೋ ಅಂತ ತೀರ್ಮಾನಿಸುವ ಅಧಿಕಾರ ಆದಾಯ ತೆರಿಗೆ ಅಧಿಕಾರಿಯ ಮೇಜಿಗೆ ಬಂದು ಕೂತಿದೆ ಅನ್ನುವುದು ನನ್ನನ್ನು ಜಾಹೀರಾತಿನ ಸಮಸ್ಯೆಗಿಂತ ಹೆಚ್ಚು ಕಾಡುತ್ತದೆ.

ಕನ್ನಡಿಗರು ಹೊರದೇಶಗಳಲ್ಲಿ ಬೇಕಾದಷ್ಟಿದ್ದಾರಲ್ಲ, ಅವರು ಕೊಡಲಿ ಅನ್ನುವವರಿದ್ದಾರೆ. ವಿದೇಶಿ ದೇಣಿಗೆ ಕಾಯ್ದೆ ಸುದ್ದಿ ಸಂಸ್ಥೆಗಳಿಗೆ ವಿದೇಶಿ ದೇಣಿಗೆಯನ್ನು ನಿಷೇಧಿಸಿದೆ. ದುಬೈಯಲ್ಲಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಮಂಗಳೂರಿನವರು ತಮ್ಮ ಗಳಿಕೆಯಲ್ಲಿ ಕೊಡಬಹುದು. ಅಮೆರಿಕದ ಪೌರತ್ವ ಪಡೆದ ಮೈಸೂರಿನವರು ಕೊಡುವ ಹಾಗಿಲ್ಲ, ಓಸಿಐ ಕಾರ್ಡ್ ಇದ್ದರೂ ಅಷ್ಟೆ. ಆದರೆ ಅವರೇ ಚಂದಾ ಕಟ್ಟಿ ಓದಿದರೆ ಅದು ಸೇವೆಗೆ ಕೊಟ್ಟ ಬೆಲೆ, ದೇಣಿಗೆ ಅಲ್ಲ. ಇಷ್ಟು ಸಣ್ಣ ವ್ಯತ್ಯಾಸದ ಮೇಲೆ ಒಂದು ತಾಣ 'ಬೆಂಬಲಿಸಿ' ಅಂತ ಬರೆಯಬೇಕೋ 'ಚಂದಾದಾರರಾಗಿ' ಅಂತ ಬರೆಯಬೇಕೋ ನಿರ್ಧಾರವಾಗುತ್ತದೆ. ಬಂಡವಾಳ ಹೂಡುತ್ತೇವೆ ಅಂದರೂ ಡಿಜಿಟಲ್ ಸುದ್ದಿಯಲ್ಲಿ ವಿದೇಶಿ ಪಾಲು ಶೇ. 26 ಮೀರಬಾರದು, ಅದಕ್ಕೂ ಸರ್ಕಾರದ ಒಪ್ಪಿಗೆ ಬೇಕು.

ಗೂಗಲ್, ಫೇಸ್‌ಬುಕ್‌ಗಳಿಂದಲೇ ವಸೂಲಿ ಮಾಡಿ ಅನ್ನುವ ದಾರಿಯೂ ಇದೆ. ಆಸ್ಟ್ರೇಲಿಯಾ 2021ರಲ್ಲಿ ಕಾನೂನು ತಂದಿತು, ಫೇಸ್‌ಬುಕ್ ಸುಮಾರು ಒಂದು ವಾರ ಸುದ್ದಿ ಬಂದ್ ಮಾಡಿ ಬೆದರಿಸಿ ಆಮೇಲೆ ಒಪ್ಪಂದಕ್ಕೆ ಬಂತು, 2024ರಲ್ಲಿ ಇನ್ನು ಮುಂದುವರಿಸುವುದಿಲ್ಲ ಅಂತ ಕೈತೊಳೆಯಿತು. ಕೆನಡಾ 2023ರಲ್ಲಿ ತಂದಾಗ ಗೂಗಲ್ ವರ್ಷಕ್ಕೆ ಹತ್ತು ಕೋಟಿ ಕೆನಡಾ ಡಾಲರ್ ಕೊಡಲು ಒಪ್ಪಿತು, ಮೆಟಾ ಅಲ್ಲಿನ ಜನರಿಗೆ ಸುದ್ದಿ ಕೊಂಡಿಗಳನ್ನೇ ನಿಲ್ಲಿಸಿಬಿಟ್ಟಿತು. ಕೃತಕ ಬುದ್ಧಿಮತ್ತೆಯ ಕಂಪನಿಗಳ ಜೊತೆ ಈಗ ಅದೇ ಜಗಳ ಹೊಸದಾಗಿ ಶುರುವಾಗಿದೆ. ನಮ್ಮ ಎಎನ್‌ಐ 2024ರ ನವೆಂಬರ್‌ನಲ್ಲಿ ಓಪನ್‌ಎಐ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು. ದುಡ್ಡು ಬಂದರೂ ಅದು ದೊಡ್ಡ ಸಮೂಹಗಳ ಮೇಜಿಗೆ ಹೋಗುತ್ತದೆ, ಸಣ್ಣ ಕನ್ನಡ ತಾಣಕ್ಕೆ ಚೂರು ಸಿಕ್ಕರೆ ಹೆಚ್ಚು.

ಕನ್ನಡದಲ್ಲಿ ಕೊಡುವವರು ಯಾರು?

'ಕನ್ನಡಿಗರು ಸುದ್ದಿಗೆ ದುಡ್ಡು ಕೊಡಲ್ಲ' ಅನ್ನುವವರಿಗೆ ನನ್ನ ಬಳಿ ಎರಡು ಉತ್ತರ ಇವೆ.

ಒಂದು ಹಳೆಯದು. 1980ರಲ್ಲಿ ಪಿ. ಲಂಕೇಶ್ ಶುರು ಮಾಡಿದ ವಾರಪತ್ರಿಕೆಯಲ್ಲಿ ಜಾಹೀರಾತೇ ಇರಲಿಲ್ಲ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ, ಕಾಲೇಜಿನ ಎದುರಿನ ಬೀಡಾ ಸ್ಟಾಲಿನಲ್ಲಿ ಜನ ಪ್ರತಿ ವಾರ ಜೇಬಿನಿಂದ ದುಡ್ಡು ತೆಗೆದು ಕೊಟ್ಟರು. ಗೌರಿ ಲಂಕೇಶ್ 2005ರಲ್ಲಿ ಆರಂಭಿಸಿದ ತಮ್ಮ ಪತ್ರಿಕೆಯನ್ನೂ ಹಾಗೇ ನಡೆಸಿದರು. ಅಷ್ಟು ಹೊತ್ತಿಗೆ ಬಿಡಿ ಮಾರಾಟದ ಕಾಲ ಇಳಿಮುಖವಾಗಿತ್ತು, ತುಂಬಾ ಕಷ್ಟಪಟ್ಟರು. ಆದರೂ ಓದುಗರ ದುಡ್ಡಿನಲ್ಲೇ ನಡೆದ ರಾಜಕೀಯ ಪತ್ರಿಕೆ ನಮಗೆ ಫ್ರಾನ್ಸಿನಿಂದ ಬರಬೇಕಾದ ಹೊಸ ಕಲ್ಪನೆ ಏನಲ್ಲ.

ಇನ್ನೊಂದು ಇವತ್ತಿನದು. 2020ರ ಲಾಕ್‌ಡೌನ್‌ನಲ್ಲಿ ಪತ್ರಿಕೆಗಳ ಪಿಡಿಎಫ್ ಟೆಲಿಗ್ರಾಂ ಗುಂಪುಗಳಲ್ಲಿ ಓಡಾಡಿದವು. ಹಿಂದಿಯ ದೈನಿಕ್ ಜಾಗರಣ್ ದೆಹಲಿ ಹೈಕೋರ್ಟಿಗೆ ಹೋಗಿ ಅಂಥ ಚಾನೆಲ್‌ಗಳನ್ನು ತೆಗೆಸಿತು. ನಮ್ಮಲ್ಲಿ ಕನ್ನಡ ಪಿಡಿಎಫ್ ಹಂಚುವ ಗುಂಪುಗಳಲ್ಲಿ ಇರುವವರು ಯಾರು ಅಂತ ಒಮ್ಮೆ ನೋಡಿ: ಕೆಪಿಎಸ್‌ಸಿ, ಪಿಡಿಒ, ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವವರು. ಧಾರವಾಡದ, ವಿಜಯನಗರದ ಬಾಡಿಗೆ ಕೋಣೆಗಳಲ್ಲಿ ಕೂತ ಇವರು ಪ್ರಚಲಿತ ವಿದ್ಯಮಾನದ ಮಾಸಪತ್ರಿಕೆಗೆ, ಟೆಸ್ಟ್ ಸೀರೀಸ್‌ಗೆ, ಆ್ಯಪ್ ಕೋರ್ಸಿಗೆ ದುಡ್ಡು ಕೊಡುತ್ತಾರೆ. ಕನ್ನಡದಲ್ಲಿ ಶ್ರದ್ಧೆಯಿಂದ ದಿನಾ ಸುದ್ದಿ ಓದುವ ಯುವಜನರ ದೊಡ್ಡ ಗುಂಪು ಇದೇ. ಅವರಿಗೆ ಬೇಕಾದದ್ದನ್ನು ಕೋಚಿಂಗ್ ಸೆಂಟರುಗಳು ಮಾರಿದವು, ಮೂಲ ಸುದ್ದಿ ಬರೆಸಿದ ಪತ್ರಿಕೆಗಳು ಪಿಡಿಎಫ್ ಕಳ್ಳತನ ಅಂತ ಗೊಣಗುತ್ತಾ ಕೂತವು. ನ್ಯೂಯಾರ್ಕ್ ಟೈಮ್ಸ್‌ಗೆ ಪದಬಂಧ ಇದ್ದ ಹಾಗೆ ನಮಗೆ ಇದು.

ಹಾಗಾಗಿ ನಾಳೆ ಯಾರಾದರೂ ಸಣ್ಣ ಕನ್ನಡ ತಾಣಕ್ಕೆ ಬಜೆಟ್ ಹಾಕಿಕೊಡಿ ಅಂದರೆ ನಾನು ಅರ್ಧದಷ್ಟನ್ನು ಚಂದಾದ ಮೇಲೆ ಇಡುತ್ತೇನೆ, ಅಂದರೆ 3,000 ಜನ. ರಾಜ್ಯದ 31 ಜಿಲ್ಲೆಗೆ ಹಂಚಿದರೆ ಜಿಲ್ಲೆಗೆ ನೂರರಷ್ಟೂ ಆಗುವುದಿಲ್ಲ. ತನಿಖೆಗಳು ಎಲ್ಲರಿಗೂ ಪುಕ್ಕಟೆ. ಪರೀಕ್ಷೆಗೆ ಬೇಕಾದ ವಿವರಣೆ, ಹಳೆಯ ದಾಖಲೆ, ವಾರದ ಟಿಪ್ಪಣಿ ಚಂದಾದಾರರಿಗೆ. ಕಾಲು ಭಾಗ ಹೆಸರು ಹೇಳಿ ಎತ್ತುವ ಯೋಜನಾ ನಿಧಿ: ಕೃಷ್ಣಾ ಮೇಲ್ದಂಡೆಯ ಪುನರ್ವಸತಿಗೆ ಇಷ್ಟು, ಹಾಸ್ಟೆಲ್‌ಗಳ ಸ್ಥಿತಿಗೆ ಇಷ್ಟು, ಅಂತ. ಉಳಿದ ಕಾಲು ಭಾಗ ಯೂಟ್ಯೂಬ್, ಸ್ಥಳೀಯ ಅಂಗಡಿ, ಪ್ರಕಾಶನ, ನಾಟಕ ತಂಡಗಳ ನೇರ ಜಾಹೀರಾತು. ಹರಾಜುಕಟ್ಟೆಯ ಜಾಹೀರಾತು ಬೇಡ. ಸರ್ಕಾರಿ ಜಾಹೀರಾತು ಬಂದರೆ ತಗೊಳ್ಳಿ, ಆದರೆ ಅದರಲ್ಲಿ ಒಬ್ಬರ ಸಂಬಳವನ್ನೂ ಕೊಡಬೇಡಿ, ಕಂಪ್ಯೂಟರ್ ಕೊಳ್ಳಿ. ಜಾಹೀರಾತು ನಿಂತ ತಿಂಗಳು ಹಳೇ ಕಂಪ್ಯೂಟರಿನಲ್ಲೇ ಕೆಲಸ ಮಾಡಬಹುದು.